ಅಕ್ಕನ ಮೂಲಾ ನಕ್ಷತ್ರ

ನನ್ನ ದೊಡ್ಡಪ್ಪನ ಮಗಳಿಗೆ ಗಂಡು ಹುಡುಕೋಕೆ ಶುರು ಮಾಡಿದಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಅಕ್ಕ ಎಂ.ಟೆಕ್ ಮುಗಿಸಿದ್ದಳು, ಒಳ್ಳೆ ಕೆಲಸದಲ್ಲಿದ್ದಳು. ಗಂಡಿನ ಕಡೆಯವರು ಸಾಮಾನ್ಯವಾಗಿ ಕೇಳೋ ಪ್ರಶ್ನೆಗೆಲ್ಲ ದೊಡ್ಡಮ್ಮನ ಹತ್ತಿರ ಉತ್ತರ ತಯಾರಿತ್ತು. ಒಂದನ್ನು ಬಿಟ್ಟು.

"ನಕ್ಷತ್ರ ಯಾವುದಮ್ಮಾ?"

"ಮೂಲಾ."

ಅಲ್ಲಿಂದಾಚೆ ಆ ಕಡೆಯ ದನಿ ಬದಲಾಗಿಬಿಡ್ತಿತ್ತು. "ಮನೇಲಿ ಮಾತಾಡಿ ಹೇಳ್ತೀವಿ" ಅಂತ ಫೋನಿಡೋರು. ಅವರು ಮತ್ತೆ ಮಾಡ್ತಿರಲಿಲ್ಲ, ದೊಡ್ಡಮ್ಮನೂ ಕಾಯ್ತಿರಲಿಲ್ಲ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. "ಆಗಲ್ಲ" ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಲ್ಲ. ಬಿಡಿಸಿ ಹೇಳಿದರೆ ಅದರ ಅರ್ಥ ಇಷ್ಟೇ: ಇವಳು ಮನೆಗೆ ಬಂದರೆ ಆತ ಸಾಯ್ತಾನೆ. ಇಪ್ಪತ್ತೈದು ವರ್ಷದ ಹುಡುಗಿಯೊಬ್ಬಳ ಬಗ್ಗೆ, ಅವಳ ಮುಖವನ್ನೂ ನೋಡದ ಜನ, ಕೊಲೆಯ ಆರೋಪವನ್ನು ಎಷ್ಟು ಸಲೀಸಾಗಿ ಹೊರಿಸ್ತಾರೆ ನೋಡಿ.

ಒಬ್ಬ ಮಧ್ಯಸ್ಥರು ಇದಕ್ಕೊಂದು ದಾರಿ ಹೇಳಿದರು. "ಮಾವ ಇಲ್ಲದ ಮನೆ ನೋಡೋಣ ಬಿಡಿ, ಆಗ ತೊಂದರೆ ಇಲ್ಲ." ಇದು ತಮಾಷೆಯಲ್ಲ, ಚಾಲ್ತಿಯಲ್ಲಿರೋ ಪದ್ಧತಿ. ತಂದೆಯನ್ನು ಕಳಕೊಂಡ ಹುಡುಗರ ಪಟ್ಟಿಯೊಂದು ಹೀಗೆ ತಯಾರಾಗ್ತದೆ. ಆ ಸಂಜೆ ಅಕ್ಕ ನನಗೆ ಹೇಳಿದ್ದು ಇನ್ನೂ ನೆನಪಿದೆ. "ನೋಡೋ, ನನಗೆ ಗಂಡು ಸಿಗಬೇಕಾದರೆ ಯಾರದೋ ಮನೇಲಿ ಅಪ್ಪ ಮೊದಲೇ ಸತ್ತಿರಬೇಕಂತೆ."

ಈ ಬರಹ ಅವತ್ತೇ ಬರೀಬೇಕಿತ್ತು. ಅವತ್ತು ನನ್ನ ಹತ್ತಿರ ಸಿಟ್ಟಿತ್ತು, ಲೆಕ್ಕ ಇರಲಿಲ್ಲ. ಈಗ ಸ್ವಲ್ಪ ಲೆಕ್ಕ ಮಾಡಿಕೊಂಡು ಬಂದಿದ್ದೀನಿ.

ಚಂದ್ರ ಆಕಾಶವನ್ನು ಒಂದು ಸುತ್ತು ಬರೋಕೆ ಸುಮಾರು 27 ದಿನ. ಆ ದಾರಿಯನ್ನು 27 ಸಮ ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ನಕ್ಷತ್ರದ ಹೆಸರಿಟ್ಟರು. ನೀವು ಹುಟ್ಟಿದಾಗ ಚಂದ್ರ ಯಾವ ಭಾಗದಲ್ಲಿದ್ದನೋ ಅದು ನಿಮ್ಮ ಜನ್ಮನಕ್ಷತ್ರ. ಅಂದರೆ ಹೆಚ್ಚುಕಮ್ಮಿ ಒಂದು ದಿನದಲ್ಲಿ ಹುಟ್ಟಿದ ಎಲ್ಲಾ ಮಕ್ಕಳದ್ದೂ ಒಂದೇ ನಕ್ಷತ್ರ. ನಮ್ಮ ದೇಶದಲ್ಲಿ ದಿನಕ್ಕೆ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತವೆ. ಇಪ್ಪತ್ತೇಳು ಜನರಲ್ಲಿ ಒಬ್ಬರದ್ದು ಮೂಲಾ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮೂರು ಕೋಟಿಗೂ ಸ್ವಲ್ಪ ಹೆಚ್ಚು ಹೆಣ್ಣುಮಕ್ಕಳಿದ್ದರು. ಅದನ್ನು 27ರಿಂದ ಭಾಗಿಸಿದರೆ ಸುಮಾರು 11 ಲಕ್ಷ.

ಇದು ಮೂಲಾ ಒಂದರ ಲೆಕ್ಕ. ಆಶ್ಲೇಷಾ ಅತ್ತೆಗೆ ಆಗಲ್ಲ, ಜ್ಯೇಷ್ಠಾ ಗಂಡನ ಅಣ್ಣನಿಗೆ ಆಗಲ್ಲ, ವಿಶಾಖಾ ಮೈದುನನಿಗೆ ಆಗಲ್ಲ. ನಾಲ್ಕೂ ಸೇರಿದರೆ 44 ಲಕ್ಷ ಹೆಣ್ಣುಮಕ್ಕಳು. ಏಳರಲ್ಲಿ ಒಬ್ಬಳು ಹುಟ್ಟಿದ ದಿನವೇ ಯಾರದೋ ಪ್ರಾಣಕ್ಕೆ ಸಂಚಕಾರ. ಈ ಮಾತು ನಿಜವಾಗಿದ್ದಿದ್ದರೆ ಅದನ್ನು ಕಂಡುಹಿಡಿಯೋಕೆ ಪಂಚಾಂಗವೇ ಬೇಕಿರಲಿಲ್ಲ. ಜೀವವಿಮೆ ಕಂಪನಿಗಳು ಎಂದೋ ಕಂಡುಹಿಡಿದು, ಅರ್ಜಿಯಲ್ಲಿ "ನಿಮ್ಮ ಸೊಸೆಯ ನಕ್ಷತ್ರ" ಅಂತ ಒಂದು ಕಾಲಮ್ ಸೇರಿಸಿ, ಪ್ರೀಮಿಯಂ ಏರಿಸಿರೋರು. ಸಿಗರೇಟು ಸೇದ್ತೀರಾ, ಸಕ್ಕರೆ ಕಾಯಿಲೆ ಇದೆಯಾ ಅಂತೆಲ್ಲ ಕೇಳೋ ಅವರು ಸೊಸೆಯ ನಕ್ಷತ್ರವನ್ನ ಮಾತ್ರ ಯಾಕೆ ಕೇಳಲ್ಲ?

ಇನ್ನೊಂದು ವಿಷಯ ಗಮನಿಸಿ. ಈ ನಾಲ್ಕೂ ದೋಷ ಸೊಸೆಯಿಂದ ಗಂಡನ ಮನೆಯವರಿಗೆ. ಮೂಲಾ ನಕ್ಷತ್ರದ ಅಳಿಯ ಬಂದರೆ ಮಾವ ಹೋಗ್ತಾನೆ ಅಂತ ನಮ್ಮ ಮನೆಗಳಲ್ಲಿ ಯಾರೂ ಫೋನಿಟ್ಟಿದ್ದು ನಾನು ಕೇಳಿಲ್ಲ. ಚಂದ್ರನಿಗೆ ಗಂಡು ಹೆಣ್ಣು ಅಂತ ಭೇದ ಇರೋಕೆ ಸಾಧ್ಯವಿಲ್ಲ. ಇದ್ದರೆ ಅದು ನಮಗೇ.

ಈಗ ಸಾಫ್ಟ್‌ವೇರ್ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಬಹಳ ಜನ ಇದೇ ಕೆಲಸದಲ್ಲಿರೋದರಿಂದ ಇದು ಬೇಗ ಅರ್ಥವಾಗುತ್ತೆ.

ಕೆಲಸಕ್ಕೆ ಸೇರಿದ ಮೇಲೆ ಒಂದು ಶನಿವಾರ ಕೂತು, ಜಾತಕ ಬರೆಯೋ ಪ್ರೋಗ್ರಾಮ್ ಒಂದನ್ನು ಹಾಕ್ಕೊಂಡು ಅಕ್ಕನ ಹುಟ್ಟಿದ ದಿನ, ಹೊತ್ತು, ಊರು ಕೊಟ್ಟೆ. ಬಂತು: ಮೂಲಾ, ನಾಲ್ಕನೇ ಪಾದ. ಮೂಲಾ ಮುಗಿಯೋಕೆ ಇನ್ನು ಒಂದೂವರೆ ಗಂಟೆ ಇದ್ದಾಗ ಹುಟ್ಟಿದವಳು. ಸೆಟ್ಟಿಂಗ್ಸ್‌ನಲ್ಲಿ "ಅಯನಾಂಶ" ಅಂತ ಒಂದು ಡ್ರಾಪ್‌ಡೌನ್ ಇತ್ತು. ಅದರಲ್ಲಿ "ಲಾಹಿರಿ" ಅಂತಿದ್ದದ್ದನ್ನ "ರಾಮನ್" ಅಂತ ಬದಲಾಯಿಸಿದೆ. ಅಕ್ಕ ಪೂರ್ವಾಷಾಢಾ ಆಗಿಬಿಟ್ಟಳು! ಹಿಂದಿನ ಐದು ವರ್ಷ ಫೋನಿಟ್ಟ ಅಷ್ಟೂ ಮಾವಂದಿರ ಪ್ರಾಣ ಒಂದೇ ಕ್ಲಿಕ್‌ನಲ್ಲಿ ಉಳಿಯಿತು.

ಇದು ಬಗ್ ಅಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುತ್ತೆ. ಅದರಿಂದ ವಿಷುವದ್ ಬಿಂದು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದಕ್ಕೆ ಸರಿಯುತ್ತೆ. ಹಾಗಾಗಿ ನಕ್ಷತ್ರ ಚಕ್ರದ ಸೊನ್ನೆ ಎಲ್ಲಿಂದ ಶುರು ಅಂತ ಯಾರಾದರೂ ತೀರ್ಮಾನ ಮಾಡಲೇಬೇಕು. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಾಗ, ಸಮಿತಿಯ ಕಾರ್ಯದರ್ಶಿ ಎನ್.ಸಿ. ಲಾಹಿರಿಯವರ ಹೆಸರಿನಲ್ಲಿ ಇವತ್ತು ಕರೆಯೋ ಅಯನಾಂಶ ಸರ್ಕಾರಿ ಲೆಕ್ಕವಾಯಿತು. ನಮ್ಮ ಬೆಂಗಳೂರಿನವರೇ ಆದ, ಜ್ಯೋತಿಷದ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿ ಹೆಸರಾದ ಬಿ.ವಿ. ರಾಮನ್ ಅವರದ್ದು ಬೇರೆ ಲೆಕ್ಕ. ಎರಡರ ನಡುವೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಚಂದ್ರ ಅಷ್ಟು ದೂರ ಸರಿಯೋಕೆ ಎರಡೂವರೆ ಗಂಟೆ ಬೇಕು. ಒಂದು ನಕ್ಷತ್ರ ಅಂದರೆ ಹದಿಮೂರು ಚಿಲ್ಲರೆ ಡಿಗ್ರಿ. ಹಾಗಾದರೆ ಒಂಬತ್ತು ಜನರಲ್ಲಿ ಒಬ್ಬರ ಜನ್ಮನಕ್ಷತ್ರವೇ ಇವರ ಲೆಕ್ಕದಲ್ಲಿ ಒಂದು, ಅವರ ಲೆಕ್ಕದಲ್ಲಿ ಇನ್ನೊಂದು. ನಿಮ್ಮ ಆಫೀಸಿನಲ್ಲಿ ಮೂವತ್ತಾರು ಜನರ ಟೀಮ್ ಇದ್ದರೆ ಅದರಲ್ಲಿ ನಾಲ್ವರು ಈ ಸಾಲಿನವರು.

ಇಬ್ಬರೂ ದಿಗ್ಗಜರೇ. ಇಬ್ಬರ ಲೆಕ್ಕ ಹಿಡಿದ ಜ್ಯೋತಿಷಿಗಳೂ "ನಾವು ಹೇಳಿದ್ದು ಆಗಿದೆ" ಅಂತಾರೆ. ಒಂಬತ್ತರಲ್ಲಿ ಒಬ್ಬರಿಗೆ ತಪ್ಪು ನಕ್ಷತ್ರ ಹಿಡಿದು ಭವಿಷ್ಯ ಹೇಳಿದರೂ ಎಪ್ಪತ್ತು ವರ್ಷದಲ್ಲಿ ಅದು ಒಬ್ಬರ ಗಮನಕ್ಕೂ ಬರಲಿಲ್ಲ ಅಂದರೆ, ಆ ಭವಿಷ್ಯಕ್ಕೂ ನಕ್ಷತ್ರಕ್ಕೂ ಇರೋ ನಂಟು ಎಂಥದ್ದು? ನೀವು ಬರೆದ ಪ್ರೋಗ್ರಾಮಿಗೆ ತಪ್ಪು ಇನ್‌ಪುಟ್ ಕೊಟ್ಟರೂ ಸರಿ ಉತ್ತರವೇ ಬರ್ತಿದೆ ಅಂದರೆ ನೀವೇನು ತಿಳ್ಕೊಳ್ತೀರಿ? ಅದು ಇನ್‌ಪುಟ್ಟನ್ನು ಓದ್ತಾನೇ ಇಲ್ಲ ಅಂತ ತಾನೇ?

ಹಾಗಂತ ನಕ್ಷತ್ರಗಳನ್ನೇ ಆಡಿಕೊಳ್ಳೋ ಜಾತಿಯವನಲ್ಲ ನಾನು. ನಮ್ಮ ರೈತರ ಮಳೆಗಳಿಗೆಲ್ಲ ನಕ್ಷತ್ರದ ಹೆಸರೇ ಇರೋದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತಾರೆ. ಸೂರ್ಯ ಮೇ ಕೊನೆಯ ವಾರ ರೋಹಿಣಿಗೆ ಬರ್ತಾನೆ, ಜೂನ್ ಎರಡನೇ ವಾರ ಮೃಗಶಿರಾ, ಆಮೇಲೆ ಆರಿದ್ರಾ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಮುದ್ರಿತ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಬಿತ್ತನೆಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಇರಲಿಲ್ಲ. ಆದರೆ ಗಡಿಯಾರ ಒಂದು ಹೊಡೆದಾಗ ನಮಗೆ ಹಸಿವಾಗುತ್ತೆ ಅಂತ, ಹಸಿವನ್ನು ತಂದದ್ದು ಗಡಿಯಾರ ಅನ್ನೋಕಾಗಲ್ಲ. ಮಳೆ ತರೋದು ಕಾದ ನೆಲ ಮತ್ತು ಸಮುದ್ರದ ಕಡೆಯ ಗಾಳಿ. ರೋಹಿಣಿ ಅದರ ಗುರುತು.

ನಮ್ಮ ಹಳೆಯ ಖಗೋಳ ಶಾಸ್ತ್ರಕ್ಕೂ ಫಲಜ್ಯೋತಿಷಕ್ಕೂ ಇರೋ ವ್ಯತ್ಯಾಸ ಇಲ್ಲೇ ಇದೆ. ಹಬ್ಬ ಯಾವತ್ತು, ಯಜ್ಞ ಯಾವತ್ತು ಅಂತ ಲೆಕ್ಕ ಹಾಕೋ ವೇದಾಂಗ ಜ್ಯೋತಿಷದಲ್ಲಿ ನಕ್ಷತ್ರಗಳಿವೆ. ಮೇಷ ವೃಷಭ ಅನ್ನೋ ರಾಶಿಗಳೂ ಇಲ್ಲ, ಜನ್ಮಕುಂಡಲಿಯೂ ಇಲ್ಲ. ಹನ್ನೆರಡು ರಾಶಿಗಳು ಬ್ಯಾಬಿಲೋನಿನಲ್ಲಿ ಹುಟ್ಟಿ ಗ್ರೀಕರ ಮೂಲಕ ಇಲ್ಲಿಗೆ ಬಂದವು. ಹೋರಾ, ಕೇಂದ್ರ ಇವೆಲ್ಲ ಗ್ರೀಕ್‌ನಿಂದ ಬಂದ ಮಾತುಗಳು. "ಐದು ಸಾವಿರ ವರ್ಷದ ನಮ್ಮ ಋಷಿಗಳ ಜ್ಞಾನ" ಅಂತ ಕುಂಡಲಿ ಹಿಡಿದು ಹೇಳೋರಿಗೆ ಇದನ್ನು ಒಮ್ಮೆ ನೆನಪಿಸಬಹುದು. ಗ್ರಹಣಕ್ಕೆ ಕಾರಣ ನೆರಳು ಅಂತ ಆರ್ಯಭಟ 499ರ ಸುಮಾರಿಗೇ ಬರೆದಿದ್ದ. ಪರಂಪರೆಯ ಮೇಲೆ ಹೆಮ್ಮೆ ಇದ್ದರೆ ಅವನನ್ನೂ ಸ್ವಲ್ಪ ನಂಬಬಹುದು.

ಈ ಮಾತು ಬಂದಾಗಲೆಲ್ಲ ಆಫೀಸಿನ ಕಾಫಿ ಮೆಷಿನ್ ಹತ್ತಿರ ಒಬ್ಬರಾದರೂ ಹೇಳ್ತಾರೆ: "ಚಂದ್ರ ಸಮುದ್ರವನ್ನೇ ಎಳೀತಾನೆ ಗುರು, ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಅಲ್ವಾ?" ಕೇಳೋಕೆ ಚೆನ್ನಾಗಿದೆ. ಆದರೆ ಉಬ್ಬರ ಇಳಿತ ಆಗೋದು ನೀರು ಅನ್ನೋ ಕಾರಣಕ್ಕಲ್ಲ. ಭೂಮಿಯ ಚಂದ್ರನ ಕಡೆಯ ಮಗ್ಗುಲಿಗೂ ಆಚೆ ಮಗ್ಗುಲಿಗೂ ಸುಮಾರು 12,700 ಕಿಲೋಮೀಟರ್ ಅಂತರ ಇದೆ. ಅಷ್ಟು ದೂರದಲ್ಲಿ ಚಂದ್ರನ ಸೆಳೆತ ಹೆಚ್ಚುಕಮ್ಮಿ ಆಗುತ್ತಲ್ಲ, ಆ ವ್ಯತ್ಯಾಸಕ್ಕೆ ಉಬ್ಬರ ಬರೋದು. ಬಕೆಟ್ ನೀರಿನಲ್ಲಿ ಉಬ್ಬರ ಬರಲ್ಲ. ಸ್ಯಾಂಕಿ ಕೆರೆಯಲ್ಲೂ ಕಾಣಲ್ಲ. ಒಂದೂವರೆ ಅಡಿ ಉದ್ದದ ಕೂಸಿನಲ್ಲಿ ಎಲ್ಲಿಂದ ಬರಬೇಕು?

ಸರಿ, ನಮಗೆ ಗೊತ್ತಿಲ್ಲದ ಯಾವುದೋ ಶಕ್ತಿ ಅಂತಲೇ ಇಟ್ಟುಕೊಳ್ಳೋಣ. ಮಂಗಳ ಗ್ರಹ ಕೆಲವೊಮ್ಮೆ ನಮ್ಮಿಂದ ಐದೂವರೆ ಆರು ಕೋಟಿ ಕಿಲೋಮೀಟರ್ ದೂರದಲ್ಲಿರುತ್ತೆ, ಕೆಲವೊಮ್ಮೆ 40 ಕೋಟಿ. ಏನೇ ಶಕ್ತಿ ಇದ್ದರೂ ಹತ್ತಿರ ಇದ್ದಾಗ ಜಾಸ್ತಿ, ದೂರ ಇದ್ದಾಗ ಕಮ್ಮಿ ಆಗಬೇಡ್ವಾ? ಕುಜದೋಷ ನೋಡುವಾಗ ಆ ದೂರವನ್ನು ಯಾರೂ ಕೇಳಲ್ಲ. ಯಾವ ಮನೆಯಲ್ಲಿದ್ದಾನೆ ಅಂತ ಕೇಳ್ತಾರೆ, ಅಷ್ಟೇ.

ಆ ಕುಜದೋಷದ ಲೆಕ್ಕವನ್ನೂ ನೋಡಿಬಿಡಿ. ಹನ್ನೆರಡು ಮನೆಗಳಲ್ಲಿ ಎರಡು, ನಾಲ್ಕು, ಏಳು, ಎಂಟು, ಹನ್ನೆರಡು, ಈ ಐದರಲ್ಲಿ ಎಲ್ಲಿ ಕುಜ ಇದ್ದರೂ ದೋಷ. ಅಂದರೆ ನೂರಕ್ಕೆ ನಲವತ್ತೆರಡು ಜನಕ್ಕೆ. ಕೆಲವರು ಲಗ್ನದಿಂದ ಮಾತ್ರ ಅಲ್ಲ, ಚಂದ್ರನಿಂದಲೂ ಶುಕ್ರನಿಂದಲೂ ಎಣಿಸ್ತಾರೆ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ ಅಂದುಕೊಂಡರೆ ಐವರಲ್ಲಿ ನಾಲ್ವರು ದೋಷದವರೇ. ಇನ್ನು ಮೂವತ್ತಾರು ಗುಣಗಳ ಪೈಕಿ ನಾಡಿಗೆ ಎಂಟು ಅಂಕ, ಎಲ್ಲಕ್ಕಿಂತ ಹೆಚ್ಚು. ಇಪ್ಪತ್ತೇಳು ನಕ್ಷತ್ರಗಳನ್ನು ಒಂಬತ್ತೊಂಬತ್ತರಂತೆ ಮೂರು ನಾಡಿಗೆ ಹಂಚಿದ್ದಾರೆ. ರಸ್ತೆಯಲ್ಲಿ ಹೋಗೋ ಯಾವ ಇಬ್ಬರನ್ನು ನಿಲ್ಲಿಸಿದರೂ ಮೂರರಲ್ಲಿ ಒಂದು ಸಲ ಅವರದ್ದು ಒಂದೇ ನಾಡಿ, ಎಂಟಕ್ಕೆ ಸೊನ್ನೆ. ಇಷ್ಟೊಂದು ಜನ ಫೇಲಾಗೋ ಪರೀಕ್ಷೆಗೆ ಗ್ರೇಸ್ ಮಾರ್ಕ್ಸ್ ಬೇಕೇ ಬೇಕು. ಅದಕ್ಕೇ ಅಪವಾದಗಳು, ಶಾಂತಿಗಳು, ಪರಿಹಾರಗಳು. ಬೇಡದ ಸಂಬಂಧಕ್ಕೆ ದೋಷ ಸಿಗುತ್ತೆ, ಬೇಕಾದ ಸಂಬಂಧಕ್ಕೆ ಅಪವಾದ ಸಿಗುತ್ತೆ. ಅಕ್ಕನ ವಿಷಯದಲ್ಲೂ ಮೂಲಾ ನಾಲ್ಕನೇ ಪಾದ ಶುಭ ಅಂತ ಹೇಳೋ ಶಾಸ್ತ್ರ ಗ್ರಂಥಗಳಿವೆ. ಫೋನಿಟ್ಟವರಲ್ಲಿ ಒಬ್ಬರೂ ಪಾದ ಯಾವುದು ಅಂತ ಕೇಳಲಿಲ್ಲ.

"ಎಲ್ಲವನ್ನೂ ಲೆಕ್ಕದಲ್ಲಿ ನೋಡ್ಬೇಡಿ, ಅನುಭವದಲ್ಲಿ ನೋಡಿ" ಅನ್ನೋ ಮಾತೂ ಇದೆ. ಆಗಲಿ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದಲ್ಲಿ ಇದನ್ನೇ ಮಾಡಿದರು. ನೂರು ಜನ ಓದಿನಲ್ಲಿ ಜಾಣ ಮಕ್ಕಳು, ನೂರು ಜನ ಬುದ್ಧಿಮಾಂದ್ಯ ಮಕ್ಕಳು, ಇಷ್ಟೂ ಜನರ ಜಾತಕ ಮಾಡಿ, ಜ್ಯೋತಿಷಿಗಳಿಗೆ ತಲಾ 40 ಕೊಟ್ಟರು. ಯಾವುದು ಯಾರದ್ದು ಹೇಳಿ, ಅಷ್ಟೇ ಸಾಕು ಅಂದರು. ಉತ್ತರ ಕಳಿಸಿದವರು 27 ಜನ. ಸರಿಯಾದದ್ದು ಸರಾಸರಿ ಶೇಕಡ 46. ಫಲಿತಾಂಶ 2009ರಲ್ಲಿ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ ಬಂತು. ನಾಣ್ಯ ಚಿಮ್ಮಿದ್ದರೂ ಶೇಕಡ 50 ಸಿಗ್ತಿತ್ತು. ಒಬ್ಬ ಮನುಷ್ಯನ ಇಡೀ ಬದುಕನ್ನೇ ಬೇರೆ ಮಾಡುವಷ್ಟು ದೊಡ್ಡ ವ್ಯತ್ಯಾಸ ಜಾತಕದಲ್ಲಿ ಕಾಣಲ್ಲ ಅಂದ ಮೇಲೆ, ಮುಂದಿನ ಆಷಾಢದೊಳಗೆ ಪ್ರಮೋಷನ್ ಆಗುತ್ತಾ ಅನ್ನೋದು ಕಾಣುತ್ತಾ?

ನಮ್ಮೂರಲ್ಲೂ ಹೀಗೆ ಪರೀಕ್ಷೆಗೆ ಕರೆದವರಿದ್ದರು. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸೋಕೆ ಒಂದು ಸಮಿತಿಯನ್ನೇ ಮಾಡಿದ್ದರು. ಪ್ರಶ್ನೆ ಕೇಳೋದನ್ನ ವಿಶ್ವವಿದ್ಯಾಲಯದ ಕೆಲಸ ಅಂದುಕೊಂಡಿದ್ದ ಕಾಲ ಅದು. ಕಾಲು ಶತಮಾನ ಕಳೆದ ಮೇಲೆ, 2001ರಲ್ಲಿ, ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷದ ಕೋರ್ಸ್ ಶುರು ಮಾಡೋಕೆ ಹೊರಟಿತು. ವಿಜ್ಞಾನಿಗಳು ಸುಪ್ರೀಂ ಕೋರ್ಟಿನವರೆಗೂ ಹೋದರು, 2004ರಲ್ಲಿ ಸೋತರು.

ಇಷ್ಟೆಲ್ಲ ಆದರೂ ಜಾತಕ ಯಾಕೆ ಹೋಗಲ್ಲ? ಜನ ದಡ್ಡರು ಅನ್ನೋ ಉತ್ತರ ನನಗೆ ಒಪ್ಪಿಗೆಯಿಲ್ಲ, ಯಾಕಂದರೆ ನಾನೂ ಅದನ್ನು ಬಳಸಿದ್ದೀನಿ. ನನಗೆ ಸಂಬಂಧ ನೋಡೋ ಕಾಲ ಬಂದಾಗ ಒಂದು ಹುಡುಗಿಯ ಮನೆಗೆ ಹೋಗಿದ್ದೆವು. ಒಳ್ಳೆ ಜನ, ಉಪ್ಪಿಟ್ಟು ಕೇಸರಿಬಾತ್ ಕೊಟ್ಟರು. ನನಗೆ ಇಷ್ಟವಾಗಲಿಲ್ಲ. ಹೇಗೆ ಹೇಳೋದು? ಅಮ್ಮ ಅಂದರು, "ಜಾತಕ ಕೂಡಿ ಬರಲಿಲ್ಲ ಅಂತ ಹೇಳಿದ್ರಾಯ್ತು ಬಿಡು." ಹಾಗೇ ಹೇಳಿದರು. ನಾನು ತಡೀಲಿಲ್ಲ. ಅಕ್ಕನ ಕಥೆ ಗೊತ್ತಿದ್ದೂ ತಡೀಲಿಲ್ಲ.

ಸಾಲಾವಳಿಯ ಉಪಯೋಗ ಇದೇ ನೋಡಿ. ಬೇಡ ಅನ್ನೋಕೆ ಮನುಷ್ಯರು ಹೆದರೋ ಕಡೆ ಅದು ಗ್ರಹಗಳ ಕೈಯಲ್ಲಿ ಬೇಡ ಅನ್ನಿಸುತ್ತೆ. ಯಾರಿಗೂ ಬೇಜಾರಿಲ್ಲ, ಯಾರೂ ಕೆಟ್ಟವರಾಗಲ್ಲ. ವರದಕ್ಷಿಣೆ ಕಮ್ಮಿ ಆಯಿತು, ಬಣ್ಣ ಕಪ್ಪು, ಬೇರೆ ಒಳಪಂಗಡ, ಮಗಳು ತಾನೇ ನೋಡಿಕೊಂಡ ಹುಡುಗ, ಹೀಗೆ ಬಾಯಿಬಿಟ್ಟು ಹೇಳೋಕಾಗದ ಎಲ್ಲ ಕಾರಣಗಳಿಗೂ ಒಂದೇ ಮರ್ಯಾದಸ್ಥ ಮುಸುಕು. ಇನ್ನೊಂದು ಕಡೆ, ಮಗನಿಗೆ ಕೆಲಸ ಹೋದಾಗ, ಮನೆಯಲ್ಲಿ ಕಾಯಿಲೆ ಬಿದ್ದಾಗ, "ಇನ್ನು ಎಂಟು ತಿಂಗಳು ಅಷ್ಟೇ, ಆಮೇಲೆ ಶನಿ ಬಿಡ್ತಾನೆ" ಅನ್ನೋ ಮಾತು ಕೇಳಿ ಆ ರಾತ್ರಿ ನಿದ್ದೆ ಮಾಡಿದವರನ್ನು ನಾನು ನೋಡಿದ್ದೀನಿ. ಅವರನ್ನು ಗೇಲಿ ಮಾಡೋ ಧೈರ್ಯ ನನಗಿಲ್ಲ. ನನ್ನ ತಕರಾರು ಸಮಾಧಾನದ ಮೇಲಲ್ಲ. ಒಬ್ಬರ ಸಮಾಧಾನದ ಬಿಲ್ಲನ್ನು ಇನ್ನೊಬ್ಬಳ ಕೈಯಲ್ಲಿ ಕಟ್ಟಿಸೋದರ ಮೇಲೆ.

ಅಕ್ಕನಿಗೆ ಅಜ್ಜಿ ಒಂದು ಉಪಾಯ ಹೇಳಿದ್ದರು. "ಹುಟ್ಟಿದ ಹೊತ್ತನ್ನ ಎರಡು ಗಂಟೆ ಮುಂದಕ್ಕೆ ಹಾಕ್ಸಿ ಹೊಸ ಜಾತಕ ಬರೆಸಿ, ಯಾರಿಗೆ ಗೊತ್ತಾಗತ್ತೆ?" ಬಹಳ ಮನೆಗಳಲ್ಲಿ ಹೀಗೆ ಮಾಡ್ತಾರೆ. ಈಗಂತೂ ಸಿಸೇರಿಯನ್‌ಗೇ ಮುಹೂರ್ತ ಇಡಿಸ್ತಾರೆ, ತಿದ್ದೋ ತಾಪತ್ರಯವೇ ಇಲ್ಲ. ಅಕ್ಕ ಒಪ್ಪಲಿಲ್ಲ. "ನಾನು ಏನೂ ತಪ್ಪು ಮಾಡಿಲ್ಲ ಅಜ್ಜಿ, ಯಾಕೆ ಸುಳ್ಳು ಹೇಳಲಿ?"

ಕೊನೆಗೆ ಅವಳ ಮದುವೆ ಆಯಿತು, ಜಾತಕ ಕೇಳದ ಮನೆಯಲ್ಲಿ. ಅವಳ ಮಾವ ನಿವೃತ್ತ ಮೇಷ್ಟ್ರು, ಸೊಸೆ ಜೊತೆ ಕೂತು ಸುಡೊಕು ಮಾಡೋರು. ಇಲ್ಲಿಗೆ ನಿಲ್ಲಿಸಿ "ಅವರು ನೂರು ವರ್ಷ ಬಾಳಿದರು, ನೋಡಿ ನಕ್ಷತ್ರ ಸುಳ್ಳು" ಅಂತ ಬರೆಯೋಕೆ ನನಗೂ ಇಷ್ಟ. ಆದರೆ ಮದುವೆಯಾದ ಏಳನೇ ವರ್ಷ ಅವರು ತೀರಿಕೊಂಡರು. ಎಪ್ಪತ್ನಾಲ್ಕು ವಯಸ್ಸು, ಎರಡನೇ ಸಲದ ಹೃದಯಾಘಾತ. ವೈಕುಂಠ ಸಮಾರಾಧನೆಯ ದಿನ ಊಟದ ಸಾಲಿನಲ್ಲಿ ಯಾರೋ ಹೆಂಗಸು ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಸೊಸೆದು ಮೂಲಾ ಅಂತೆ ಕಣ್ರೀ." ಬಡಿಸ್ತಾ ಇದ್ದ ಅಕ್ಕನಿಗೂ ಕೇಳಿಸಿತು. ಅವಳ ಕೈ ಒಂದು ಕ್ಷಣ ನಿಂತಿತು.

ಅಲ್ಲೇ ಕೂತಿದ್ದ ಅಕ್ಕನ ಅತ್ತೆ ಆ ಹೆಂಗಸಿನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನಂದು ರೋಹಿಣಿ. ನಾನು ಮದುವೆಯಾಗಿ ಬಂದ ನಾಲ್ಕೇ ತಿಂಗಳಿಗೆ ನಮ್ಮ ಮಾವ ಹೋದ್ರು. ಅವತ್ತು ಯಾರೂ ನನ್ನ ನಕ್ಷತ್ರ ಕೇಳಲಿಲ್ಲ." ಆಮೇಲೆ ಸೊಸೆಗೆ ಹೇಳಿದರು, "ಇವರಿಗೆ ಇನ್ನೊಂದು ಸ್ವಲ್ಪ ಸಾರು ಹಾಕಮ್ಮಾ."